ಜನಾಝಾಕ್ಕೆ ಮುನ್ನ ಒಂದು ಫರ್ಝ್: ವಿಪತ್ತು ಸಿದ್ಧತೆಯ ಅನುದಾನ ಮತ್ತು ನಮ್ಮ ಹೊಣೆಗಾರಿಕೆ

ನಮ್ಮ ಜಿಲ್ಲೆಯ ಯಾವ ಮಸೀದಿಗೆ ಹೋದರೂ ವುಝೂ ಮಾಡುವ ಜಾಗದ ಪಕ್ಕದಲ್ಲೋ ಹಿಂಬದಿಯ ಕೋಣೆಯಲ್ಲೋ ಜನಾಝಾ ಹೊರುವ ಮಂಚವೊಂದು ಕಣ್ಣಿಗೆ ಬೀಳುತ್ತದೆ. ಮಯ್ಯಿತ್‌ಗೆ ಗುಸ್ಲ್ ಮಾಡಿಸುವ ಹಲಗೆಯೂ ಅಲ್ಲಿಯೇ ಇರುತ್ತದೆ. ಕಫನ್ ಬಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ಗೋರಿ ತೋಡುವವರು ಯಾರು, ಗುಸ್ಲ್ ಮಾಡಿಸಲು ಬಲ್ಲ ಹಿರಿಯರು ಯಾರು, ಹೆಣ್ಣುಮಕ್ಕಳಿಗೆ ಗುಸ್ಲ್ ಮಾಡಿಸುವ ಖಾಲಾ ಯಾವ ಗಲ್ಲಿಯಲ್ಲಿದ್ದಾರೆ ಎಂಬುದು ಮೊಹಲ್ಲಾದ ಮಕ್ಕಳಿಗೂ ಗೊತ್ತು. ನಡುರಾತ್ರಿ ಸಾವು ಸಂಭವಿಸಿದರೂ ಬೆಳಗಾಗುವುದರೊಳಗೆ ಎಲ್ಲ ಕೆಲಸಗಳೂ ಒಂದಾದ ಮೇಲೊಂದರಂತೆ ಸಾಗುತ್ತವೆ. ಯಾರೂ ಯಾರಿಗೂ ಆಜ್ಞೆ ಮಾಡಬೇಕಾಗಿಲ್ಲ.

ಇದು ನಮ್ಮ ಸಮುದಾಯದ ಹಿರಿಮೆ. ಜನಾಝಾದ ಕರ್ತವ್ಯವು ಫರ್ಝ್ ಕಿಫಾಯ ಎಂದು ನಾವು ಬಾಲ್ಯದಲ್ಲಿಯೇ ಕಲಿಯುತ್ತೇವೆ. ಊರಿನಲ್ಲಿ ಕೆಲವರು ಅದನ್ನು ನೆರವೇರಿಸಿದರೆ ಎಲ್ಲರ ಹೊಣೆಯೂ ಇಳಿಯುತ್ತದೆ. ಒಬ್ಬರೂ ನೆರವೇರಿಸದಿದ್ದರೆ ಇಡೀ ಊರೇ ಅಪರಾಧಿಯಾಗುತ್ತದೆ. ಈ ತಿಳಿವಳಿಕೆಯೇ ನಮ್ಮನ್ನು ಸಿದ್ಧರನ್ನಾಗಿ ಇರಿಸಿದೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಮನೆಯವರೇ ಹತ್ತಿರ ಬರಲು ಅಂಜುತ್ತಿದ್ದಾಗ, ಎಲ್ಲ ಧರ್ಮದವರ ಪಾರ್ಥಿವ ಶರೀರಗಳಿಗೂ ಮುಸ್ಲಿಮ್ ಯುವಕರು ಹೆಗಲು ಕೊಟ್ಟದ್ದನ್ನು ನಾಡು ಕಂಡಿದೆ.

ಆದರೆ ಅದೇ ಮಸೀದಿಯಲ್ಲಿ ಗಾಯಗೊಂಡವರನ್ನು ಸಾಗಿಸುವ ಒಂದು ಸ್ಟ್ರೆಚರ್ ಇರುವುದು ಅಪರೂಪ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದ್ದರೂ ಅದರೊಳಗಿನ ಔಷಧಿಗಳ ಅವಧಿ ಮುಗಿದಿರುತ್ತದೆ. ಗೋಡೆಯ ಮೇಲಿನ ಬೆಂಕಿನಂದಿಸುವ ಸಿಲಿಂಡರನ್ನು ಕೈಗೆತ್ತಿಕೊಂಡು ಪಿನ್ ಎಳೆಯಲು ಬಲ್ಲವರು ಜಮಾಅತ್ತಿನಲ್ಲಿ ಎಷ್ಟು ಮಂದಿ? ಉಸಿರು ನಿಂತವನ ಎದೆಯನ್ನು ಹೇಗೆ ಒತ್ತಬೇಕೆಂದು ಬಲ್ಲವರು ಎಷ್ಟು ಮಂದಿ? ಸತ್ತವನನ್ನು ಗೌರವದಿಂದ ಕಳುಹಿಸಿಕೊಡುವ ವಿದ್ಯೆ ನಮ್ಮಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದಿದೆ. ಸಾಯುತ್ತಿರುವವನನ್ನು ಉಳಿಸಿಕೊಳ್ಳುವ ವಿದ್ಯೆ ಮಾತ್ರ ನಮ್ಮ ಬೀದಿಗೆ ಇನ್ನೂ ಬಂದಿಲ್ಲ.

ಈ ವಿದ್ಯೆಯನ್ನು ಕಲಿಸಲು ಸರಕಾರವು ಕಾನೂನಿನ ಪ್ರಕಾರ ಹಣವನ್ನು ತೆಗೆದಿರಿಸಿದೆ ಎಂಬುದನ್ನು ನಮ್ಮಲ್ಲಿ ಬಹುತೇಕರು ಅರಿಯರು. ಆ ಹಣವು ನಮ್ಮ ಊರಿನ ಬಾಗಿಲಿಗೂ ಬರುವಂತೆ ಕೇಳುವುದು, ಬಂದಾಗ ಶ್ರದ್ಧೆಯಿಂದ ಕಲಿಯುವುದು, ಜನಾಝಾದಂತೆಯೇ ನಮ್ಮ ಮೇಲಿರುವ ಒಂದು ಸಾಮೂಹಿಕ ಫರ್ಝ್ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಜಿಲ್ಲೆಯ ಸ್ಥಿತಿ

ವಿಪತ್ತು ಎಂದೊಡನೆ ನಮಗೆ 2018ರ ಕೊಡಗಿನ ಭೂಕುಸಿತವೋ 2024ರ ಜುಲೈ ತಿಂಗಳ ವಯನಾಡಿನ ದುರಂತವೋ ನೆನಪಾಗುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸಮುದ್ರವಿಲ್ಲ, ಉಕ್ಕಿ ಹರಿಯುವ ಮಹಾನದಿಯಿಲ್ಲ, ಕುಸಿದು ಬೀಳುವ ಘಟ್ಟವೂ ಇಲ್ಲ. ಆದ್ದರಿಂದ ನಾವು ಸುರಕ್ಷಿತರೆಂದು ಭಾವಿಸಿದ್ದೇವೆ. ಆದರೆ ಈ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಕಳೆದ ಎರಡು ಮೂರು ದಶಕಗಳಲ್ಲಿ ಎಷ್ಟು ಬದಲಾಗಿವೆ ಎಂಬುದನ್ನು ಗಮನಿಸಬೇಕು. ದೊಡ್ಡಬಳ್ಳಾಪುರದಲ್ಲಿ ಮನೆಮನೆಯ ವಿದ್ಯುತ್ ಮಗ್ಗಗಳ ಜೊತೆಗೆ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ ಬೆಳೆದಿದೆ. ನೆಲಮಂಗಲವು ಎರಡು ರಾಷ್ಟ್ರೀಯ ಹೆದ್ದಾರಿಗಳು ಕವಲೊಡೆಯುವ ಊರು. ಅದರಾಚೆಗೆ ದಾಬಸ್‌ಪೇಟೆಯ ಕಾರ್ಖಾನೆಗಳಿವೆ. ಹೊಸಕೋಟೆಯ ಸುತ್ತ ದೊಡ್ಡ ದೊಡ್ಡ ಗೋದಾಮುಗಳು ಎದ್ದಿವೆ. ಅದೇ ತಾಲ್ಲೂಕಿನ ದೇವನಗೊಂದಿಯಲ್ಲಿ ಪೆಟ್ರೋಲಿಯಂ ತೈಲ ಸಂಗ್ರಹಾಗಾರಗಳಿವೆ. ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಹೊಲವಿದ್ದ ಕಡೆ ಬಡಾವಣೆ, ರಾಜಕಾಲುವೆ ಹರಿಯುತ್ತಿದ್ದ ಕಡೆ ಕಟ್ಟಡ. ಜೋರು ಮಳೆ ಬಂದರೆ ಕೆರೆಯ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಮನೆಯೊಳಗೆ ಬರುತ್ತದೆ.

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ಅಸುನೀಗಿದರು. ಅಂತಹ ಅಪಘಾತದಲ್ಲಿ ಯಾವ ತರಬೇತಿಯೂ ನೆರವಿಗೆ ಬಾರದಿರಬಹುದು. ಆದರೆ ಅದೇ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೊಡೆಯಿಂದ ರಕ್ತ ಸುರಿಯುತ್ತಿರುವ ಯುವಕನಿಗೆ, ಆಂಬುಲೆನ್ಸ್ ಬರುವವರೆಗೆ ಗಾಯವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವ ಎರಡು ಕೈಗಳೇ ಜೀವ. ಉಸಿರು ನಿಂತು ನಾಲ್ಕರಿಂದ ಆರು ನಿಮಿಷಗಳೊಳಗೆ ಮೆದುಳಿಗೆ ಹಾನಿ ಆರಂಭವಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. 108ರ ವಾಹನವು ಎಷ್ಟೇ ವೇಗವಾಗಿ ಬಂದರೂ ಹಳ್ಳಿಯೊಂದಕ್ಕೆ ಆರು ನಿಮಿಷಗಳಲ್ಲಿ ತಲುಪುವುದು ಕಷ್ಟ. ಆ ನಿಮಿಷಗಳು ನೆರೆಮನೆಯವರ ಕೈಯಲ್ಲಿರುತ್ತವೆ.

ಇನ್ನೊಂದು ಘಟನೆ ನನ್ನ ಮನಸ್ಸನ್ನು ಹೆಚ್ಚು ಕಾಡುತ್ತದೆ. 2023ರ ಸೆಪ್ಟೆಂಬರಿನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಳಿ ಫಾರ್ಮ್ ಒಂದರಲ್ಲಿ ದುಡಿಯಲು ದೂರದಿಂದ ಬಂದಿದ್ದ ಒಂದೇ ಕುಟುಂಬದ ನಾಲ್ವರು ಮುಚ್ಚಿದ ಕೋಣೆಯಲ್ಲಿ ಮಲಗಿದ್ದಲ್ಲಿಯೇ ಮೃತಪಟ್ಟರು. ಸೊಳ್ಳೆಗಳ ಕಾಟಕ್ಕೆಂದು ಹಾಕಿದ್ದ ಇದ್ದಿಲಿನ ಹೊಗೆಯೇ ಅವರ ಸಾವಿಗೆ ಕಾರಣವಾಯಿತು. ಅಲ್ಲಿ ಪ್ರವಾಹವಿರಲಿಲ್ಲ, ಭೂಕಂಪವಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲವೊಂದು ಹುಟ್ಟುತ್ತದೆ ಎಂಬ ಒಂದೇ ಒಂದು ಮಾತು ಸಕಾಲದಲ್ಲಿ ಆ ಕಿವಿಗಳಿಗೆ ಬಿದ್ದಿದ್ದರೆ ಸಾಕಿತ್ತು.

ಹದೀಸ್ ಓದಿದವರಿಗೆ ಇಲ್ಲಿ ಮದೀನಾದ ಒಂದು ಘಟನೆ ನೆನಪಾಗದಿರದು. ಒಂದು ರಾತ್ರಿ ಅಲ್ಲಿನ ಮನೆಯೊಂದು ಮನೆಮಂದಿಯ ಸಹಿತ ಬೆಂಕಿಗೆ ಆಹುತಿಯಾಯಿತು. ಸುದ್ದಿ ತಲುಪಿದಾಗ ಪ್ರವಾದಿ ಮುಹಮ್ಮದ್(ಸ)ರು ಬೆಂಕಿಯನ್ನು ಮನುಷ್ಯನ ವೈರಿಯೆಂದು ಕರೆದು, ಮಲಗುವ ಮುನ್ನ ಅದನ್ನು ಆರಿಸಿಬಿಡಬೇಕೆಂದು ಜನರಿಗೆ ಕಲಿಸಿದರು. ಅಬೂ ಮೂಸಾ(ರ) ಅವರಿಂದ ವರದಿಯಾದ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ದುಃಖಿತರಿಗೆ ಸಾಂತ್ವನ ಹೇಳುವುದರಲ್ಲಿ ಪ್ರವಾದಿ(ಸ)ರಿಗೆ ಸಮಾನರಾದವರು ಯಾರೂ ಇಲ್ಲ. ಆದರೂ ಅವರು ಸಾಂತ್ವನದಲ್ಲಿ ನಿಲ್ಲದೆ, ಮತ್ತೊಂದು ಮನೆ ಸುಡದಂತೆ ಏನು ಮಾಡಬೇಕೆಂದು ಹೇಳಿದರು. ವಿಪತ್ತು ಸಿದ್ಧತೆಯ ತರಬೇತಿ ಎಂಬ ಉದ್ದನೆಯ ಸರಕಾರಿ ಹೆಸರಿನ ಹಿಂದಿರುವುದು ಇಷ್ಟೇ ಸರಳವಾದ ಸುನ್ನತ್.

ಯೂಸುಫ್(ಅ)ರ ಉಗ್ರಾಣ

ರಾಜ್ಯದ ಬೊಕ್ಕಸಕ್ಕೂ ವಿಪತ್ತಿನ ಸಿದ್ಧತೆಗೂ ಇರುವ ಸಂಬಂಧವನ್ನು ಪವಿತ್ರ ಕುರ್‌ಆನ್ ಒಬ್ಬ ಪ್ರವಾದಿಯ ಬದುಕಿನ ಮೂಲಕವೇ ನಮ್ಮ ಮುಂದಿಟ್ಟಿದೆ. ಈಜಿಪ್ಟಿನ ಅರಸನ ಕನಸಿಗೆ ಅರ್ಥ ಹೇಳಿದ ಹಝ್ರತ್ ಯೂಸುಫ್(ಅ), ಏಳು ವರ್ಷಗಳ ಸುಭಿಕ್ಷದ ಬಳಿಕ ಏಳು ವರ್ಷಗಳ ಬರ ಬರಲಿದೆಯೆಂದು ತಿಳಿಸಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬೆಳೆ ಚೆನ್ನಾಗಿರುವ ವರ್ಷಗಳಲ್ಲಿ ತಿನ್ನುವಷ್ಟನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ತೆನೆಯಲ್ಲಿಯೇ ಬಿಡಬೇಕೆಂದು ಸಂಗ್ರಹದ ವಿಧಾನವನ್ನೂ ಹೇಳಿಕೊಟ್ಟರು. ಮುಂದೆ ನಾಡಿನ ಉಗ್ರಾಣಗಳ ಹೊಣೆಯನ್ನು ತಮಗೆ ಒಪ್ಪಿಸಬೇಕೆಂದು ಅರಸನಲ್ಲಿ ತಾವೇ ಕೇಳಿಕೊಂಡರು. ಅದಕ್ಕೆ ಅವರು ತೋರಿದ ಅರ್ಹತೆಗಳು ಎರಡು: ಕಾಯುವ ನಿಷ್ಠೆ ಮತ್ತು ತಿಳಿವಳಿಕೆ.

ಆ ಅರಸನು ಯೂಸುಫ್(ಅ)ರ ಧರ್ಮದವನಾಗಿರಲಿಲ್ಲ. ಆ ನಾಡು ಅವರನ್ನು ಗುಲಾಮನನ್ನಾಗಿ ಕೊಂಡಿತ್ತು, ನಿರಪರಾಧಿಯನ್ನು ಸೆರೆಮನೆಗೆ ತಳ್ಳಿತ್ತು. ಆದರೂ ಅವರು ಮುನಿಸಿಕೊಂಡು ದೂರ ನಿಲ್ಲಲಿಲ್ಲ. ಇದು ನನ್ನ ಸರಕಾರವಲ್ಲ, ಈ ಬರ ನನ್ನದಲ್ಲ ಎನ್ನಲಿಲ್ಲ. ಸರಕಾರಿ ವ್ಯವಸ್ಥೆಯೊಳಗೆ ಹೋಗಿ, ಅದರ ಸಂಪತ್ತನ್ನು ಬಳಸಿ, ಎಲ್ಲ ಜನರ ಹಸಿವನ್ನೂ ನೀಗಿಸಿದರು. ತಮ್ಮನ್ನು ಬಾವಿಗೆ ಎಸೆದ ಅಣ್ಣಂದಿರೂ ಅದೇ ಉಗ್ರಾಣದ ಮುಂದೆ ಬಂದು ನಿಂತರು. ಇಂದು ಸರಕಾರಿ ಕಚೇರಿಯ ಮೆಟ್ಟಿಲು ಹತ್ತಲು ಸಂಕೋಚಪಡುವ ನಮ್ಮ ಜಮಾಅತ್‌ಗಳಿಗೆ ಸೂರಃ ಯೂಸುಫ್‌ನಲ್ಲಿ ದೊಡ್ಡ ಪಾಠವಿದೆ.

ಹಣ ಎಲ್ಲಿದೆ?

ಈಗ ನಮ್ಮ ಕಾಲದ ಉಗ್ರಾಣದ ಲೆಕ್ಕವನ್ನು ನೋಡೋಣ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ರಾಜ್ಯಗಳ ವಿಪತ್ತು ನಿಧಿಗಳಿಗಾಗಿ ಒಟ್ಟು 1,60,153 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಈ ನಿಧಿಗೆ ಕೇಂದ್ರವು 75 ಪಾಲು, ರಾಜ್ಯವು 25 ಪಾಲು ನೀಡಬೇಕು. ಈ ಹಣವನ್ನು ಹೇಗೆ ಹಂಚಬೇಕೆಂಬುದನ್ನೂ ಆಯೋಗ ಸ್ಪಷ್ಟಪಡಿಸಿತು. ನೂರು ರೂಪಾಯಿಯಿದ್ದರೆ 40 ರೂಪಾಯಿ ತಕ್ಷಣದ ಪರಿಹಾರಕ್ಕೆ, 30 ರೂಪಾಯಿ ಪುನರ್ನಿರ್ಮಾಣಕ್ಕೆ, 20 ರೂಪಾಯಿ ಹಾನಿಯನ್ನು ತಗ್ಗಿಸುವ ಕಾಮಗಾರಿಗಳಿಗೆ. ಉಳಿದ 10 ರೂಪಾಯಿ ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿಗೆ. ತರಬೇತಿಗೆ ಆಧಾರವಾದ ಹಣ ಇದು. ದೇಶದ ಮಟ್ಟದಲ್ಲಿ ಈ ಹತ್ತನೇ ಒಂದು ಪಾಲೇ 16,000 ಕೋಟಿ ರೂಪಾಯಿಗಳನ್ನು ಮೀರುತ್ತದೆ.

ಪರಿಹಾರದ ನಲವತ್ತು ರೂಪಾಯಿಯ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ತಿಳಿದಿದೆ. ಮನೆ ಬಿದ್ದರೆ ಗ್ರಾಮ ಆಡಳಿತಾಧಿಕಾರಿ ಬಂದು ಫೋಟೋ ತೆಗೆಯುತ್ತಾರೆ, ಪರಿಹಾರ ಸಿಗದಿದ್ದರೆ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂಡ ನಡೆಯುತ್ತದೆ. ಸಿದ್ಧತೆಯ ಹತ್ತು ರೂಪಾಯಿಗಾಗಿ ಯಾರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ಬೀಳುವ ಮುಂಚೆ ಏನೂ ಬಿದ್ದಿರುವುದಿಲ್ಲವಾದ್ದರಿಂದ ಕೇಳುವವರೂ ಇರುವುದಿಲ್ಲ. ಕೇಳುವವರಿಲ್ಲದ ಹಣವು ಕಾಗದದಿಂದ ಕಾಗದಕ್ಕೆ ಪ್ರಯಾಣ ಮಾಡುತ್ತಿರುತ್ತದೆ.

ಕಾನೂನು ಕೂಡ ನಮ್ಮ ಪರವಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವಿರಬೇಕು. ಅದರ ಕರ್ತವ್ಯಗಳನ್ನು ಹೇಳುವ 30ನೇ ಪ್ರಕರಣದಲ್ಲಿ ಸ್ವಯಂಸೇವಕ ರಕ್ಷಣಾ ಕಾರ್ಯಕರ್ತರಿಗೆ ತರಬೇತಿ ಏರ್ಪಡಿಸುವುದು, ಸ್ಥಳೀಯ ಸಂಸ್ಥೆಗಳ ಮತ್ತು ಸರಕಾರೇತರ ಸಂಸ್ಥೆಗಳ ನೆರವಿನಿಂದ ಸಮುದಾಯಕ್ಕೆ ತರಬೇತಿ ಮತ್ತು ಜಾಗೃತಿ ನೀಡುವುದು ಎರಡೂ ಸೇರಿವೆ. ಅಂದರೆ ತರಬೇತಿಯು ಅಧಿಕಾರಿಗಳು ಮನಸ್ಸು ಬಂದಾಗ ಮಾಡುವ ಉಪಕಾರವಲ್ಲ, ಅವರ ಕರ್ತವ್ಯ. ಅದೇ ಕಾಯ್ದೆಯ 61ನೇ ಪ್ರಕರಣವು ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದಲ್ಲಿ ತಾರತಮ್ಯ ಮಾಡಕೂಡದೆಂದು ವಿಧಿಸುತ್ತದೆ.

ಇದರ ಜೊತೆಗೆ ಪ್ರತ್ಯೇಕ ಯೋಜನೆಗಳಿವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ದೇಶದ 30 ಜಿಲ್ಲೆಗಳಲ್ಲಿ ತಲಾ 200ರಂತೆ 6,000 ಸ್ವಯಂಸೇವಕರನ್ನು ತಯಾರುಮಾಡಲು ‘ಆಪದಾ ಮಿತ್ರ’ ಯೋಜನೆಯನ್ನು ಆರಂಭಿಸಿತು. 2021ರಲ್ಲಿ ಅದನ್ನು 350 ಜಿಲ್ಲೆಗಳಿಗೂ ಒಂದು ಲಕ್ಷ ಸ್ವಯಂಸೇವಕರಿಗೂ ವಿಸ್ತರಿಸಿ 369.41 ಕೋಟಿ ರೂಪಾಯಿಗಳನ್ನು ಒದಗಿಸಲಾಯಿತು. ಲೆಕ್ಕ ಹಾಕಿದರೆ ಒಬ್ಬ ಸ್ವಯಂಸೇವಕನಿಗೆ ಸರಾಸರಿ ಸುಮಾರು 37,000 ರೂಪಾಯಿ. ಇದರಲ್ಲಿ ಹನ್ನೆರಡು ದಿನಗಳ ತರಬೇತಿ, ರಕ್ಷಣಾ ಸಾಮಗ್ರಿಗಳ ಕಿಟ್, ಗುರುತಿನ ಚೀಟಿ, ಪ್ರಮಾಣಪತ್ರ, ಸಾಮೂಹಿಕ ವಿಮೆ ಎಲ್ಲವೂ ಸೇರಿದ್ದವು. 18ರಿಂದ 40ರೊಳಗಿನ ವಯಸ್ಸು, ಏಳನೇ ತರಗತಿಯ ಓದು ಇದ್ದರೆ ಸಾಕಾಗಿತ್ತು. ಮಗ್ಗ ನಡೆಸುವ ಹುಡುಗನೂ ಆಟೋ ಓಡಿಸುವ ತಮ್ಮನೂ ಅರ್ಹರಾಗಿದ್ದರು. ಇದರ ಮುಂದುವರಿಕೆಯಾಗಿ ಬಂದಿರುವ ‘ಯುವ ಆಪದಾ ಮಿತ್ರ’ ಯೋಜನೆಗೆ 470.50 ಕೋಟಿ ರೂಪಾಯಿ ಮಂಜೂರಾಗಿದ್ದು, 315 ಜಿಲ್ಲೆಗಳಲ್ಲಿ 2,37,326 ಯುವಜನರಿಗೆ ತರಬೇತಿ ನೀಡುವ ಗುರಿಯಿದೆ.

ಈ ಹೊಸ ಯೋಜನೆಯಲ್ಲಿ ನಮ್ಮ ಗಮನಕ್ಕೆ ಬರಬೇಕಾದ ಒಂದು ಅಂಶವಿದೆ. ಅದಕ್ಕೆ ಯುವಕರನ್ನು ಎನ್‌ಸಿಸಿ, ಎನ್‌ಎಸ್‌ಎಸ್, ನೆಹರು ಯುವ ಕೇಂದ್ರ ಮತ್ತು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಗಳಿಂದ ಆರಿಸಲಾಗುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಈ ನಾಲ್ಕರಲ್ಲಿ ಒಂದರಲ್ಲಾದರೂ ಇದ್ದಾರೆ? ಕಾಲೇಜಿಗೆ ಸೇರಿಸುವಾಗ ಶುಲ್ಕ ಮತ್ತು ವಿದ್ಯಾರ್ಥಿವೇತನದ ಬಗ್ಗೆ ವಿಚಾರಿಸುವ ತಂದೆ ತಾಯಿಯರು ಎನ್‌ಎಸ್‌ಎಸ್ ಘಟಕದ ಬಗ್ಗೆ ವಿಚಾರಿಸುವುದಿಲ್ಲ. ಶಿಬಿರಕ್ಕೆ ಕಳುಹಿಸಲು ಹಿಂಜರಿಯುತ್ತಾರೆ. ಅಲ್ಲಿ ನಮ್ಮ ಮಕ್ಕಳಿಲ್ಲದಿದ್ದರೆ ತರಬೇತಿ ಪಡೆದವರ ಸಾಲಿನಲ್ಲಿಯೂ ಅವರು ಇರುವುದಿಲ್ಲ. ಇದೇ ಹೊತ್ತಿನಲ್ಲಿ ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. ಓದು ಬಿಟ್ಟು ದುಡಿಮೆಗೆ ಇಳಿದ ಯುವಕರೂ ಮನೆಯಲ್ಲಿರುವ ಹೆಣ್ಣುಮಕ್ಕಳೂ ಈ ನಾಲ್ಕು ಬಾಗಿಲುಗಳಿಂದ ಒಳಗೆ ಬರಲಾರರು. ಬೆಂಕಿ ಮೊದಲು ತಗಲುವುದು ಅಡುಗೆಮನೆಗೆ ಮತ್ತು ಕೆಲಸದ ಶೆಡ್ಡಿಗೆ. ಅಲ್ಲಿರುವವರನ್ನೇ ಬಿಟ್ಟು ಕಲಿಸಿದ ಪಾಠವು ಅರ್ಧ ಪಾಠ.

ಯೋಜನೆಯ ಜಿಲ್ಲೆಗಳ ಪಟ್ಟಿ ಒಂದು ಬಾಗಿಲು ಮಾತ್ರ ಎಂಬುದನ್ನೂ ನೆನಪಿಡೋಣ. 30ನೇ ಪ್ರಕರಣವಾಗಲಿ ಹತ್ತು ರೂಪಾಯಿಯ ಪಾಲಾಗಲಿ ಆಯ್ದ ಜಿಲ್ಲೆಗಳಿಗೆ ಸೀಮಿತವಲ್ಲ.

ಮೂರು ಆಕ್ಷೇಪಗಳು

ಈ ವಿಷಯವನ್ನು ಮಾತನಾಡಿದಾಗ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಅವನ್ನು ಲಘುವಾಗಿ ತಳ್ಳಿಹಾಕುವುದು ಸರಿಯಲ್ಲ.

ಮೊದಲನೆಯದು ತವಕ್ಕುಲ್‌ಗೆ ಸಂಬಂಧಿಸಿದ್ದು. ಬರೆದದ್ದು ಆಗಿಯೇ ತೀರುತ್ತದೆ, ಅಲ್ಲಾಹನು ಕಾಪಾಡುವನು ಎನ್ನುವವರಿದ್ದಾರೆ. ಕಾಪಾಡುವವನು ಅವನೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಝ್ರತ್ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ಸಂಗಡಿಗರೊಂದಿಗೆ ಸಮಾಲೋಚಿಸಿ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಅವನ ಒಂದು ವಿಧಿಯಿಂದ ಮತ್ತೊಂದು ವಿಧಿಯೆಡೆಗೇ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ಸಿದ್ಧತೆಯೂ ವಿಧಿಯ ಒಳಗೇ ಇದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಖುತ್ಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆದರೂ ನಮ್ಮ ಮನೆಯ ಗ್ಯಾಸ್ ರೆಗ್ಯುಲೇಟರನ್ನು ರಾತ್ರಿ ಮುಚ್ಚುವುದನ್ನು ಮರೆಯುತ್ತೇವೆ.

ಎರಡನೆಯದು ಅಪನಂಬಿಕೆ. ನಮ್ಮಂಥವರು ಕೇಳಿದರೆ ಸರಕಾರ ಕೊಡುತ್ತದೆಯೇ ಎಂಬ ಪ್ರಶ್ನೆ. ಈ ಕಾಲದಲ್ಲಿ ಹುಟ್ಟಿಕೊಂಡ ನೋವುಗಳು ಈ ಪ್ರಶ್ನೆಯ ಹಿಂದಿವೆ, ಅವು ಸುಳ್ಳಲ್ಲ. ಆದರೆ ಕೇಳದೆಯೇ ನಿರಾಕರಿಸಲ್ಪಟ್ಟೆವೆಂದು ತೀರ್ಮಾನಿಸುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ. ನಾವು ಕೊಳ್ಳುವ ನೂಲಿನ ಮೇಲೆ, ಸೋಪಿನ ಮೇಲೆ ಕಟ್ಟುವ ತೆರಿಗೆಯೂ ಆ ನಿಧಿಯಲ್ಲಿ ಸೇರಿದೆ. ನೆರೆಹೊರೆಯ ಎಲ್ಲರೊಂದಿಗೆ ಸೇರಿ ಕೇಳಿದರೆ ಆ ಬೇಡಿಕೆಗೆ ಇನ್ನಷ್ಟು ಬಲ ಬರುತ್ತದೆ. ಬೆಂಕಿಯು ಗೋಡೆ ದಾಟುವಾಗ ಯಾರ ಮನೆಯೆಂದು ಕೇಳುವುದಿಲ್ಲ. ಆದ್ದರಿಂದ ತರಬೇತಿಯು ಮಸೀದಿಯ ಸಭಾಂಗಣದಲ್ಲಿ ನಡೆದರೂ ಊರಿನ ಎಲ್ಲರಿಗೂ ಕರೆಯಿರಬೇಕು. ದೇವಸ್ಥಾನದ ಮಂಟಪದಲ್ಲಿಯೋ ಶಾಲೆಯಲ್ಲಿಯೋ ನಡೆದರೆ ನಾವೂ ಹೋಗಬೇಕು. ಒಂದು ಜೀವವನ್ನು ಉಳಿಸುವುದನ್ನು ಇಡೀ ಮನುಕುಲವನ್ನು ಉಳಿಸುವುದಕ್ಕೆ ಸಮನೆಂದು ಸಾರುವ ಸೂರಃ ಅಲ್ ಮಾಇದಾದ 32ನೇ ವಚನವು ಆ ಜೀವ ಯಾವ ಧರ್ಮದ್ದೆಂದು ವಿಂಗಡಿಸುವುದಿಲ್ಲ.

ಮೂರನೆಯ ಆಕ್ಷೇಪವು ಪೊಲೀಸು ಮತ್ತು ಕೋರ್ಟಿನ ಭಯ. ಗಾಯಾಳುವನ್ನು ಮುಟ್ಟಿದರೆ ಕೇಸಿನಲ್ಲಿ ಸಿಲುಕುತ್ತೇವೆ ಎಂಬ ಹಳೆಯ ಅಂಜಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿಯೇ ಸಹಾಯ ಮಾಡುವವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಪ್ರಕರಣವು ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸಕೂಡದೆಂದು ಹೇಳುತ್ತದೆ. ಕರ್ನಾಟಕಕ್ಕೆ ಇದೇ ಉದ್ದೇಶದ ತನ್ನದೇ ಆದ ಕಾಯ್ದೆಯೂ ಇದೆ. ಹೀಗೆ ಕಾನೂನು ಭಯವನ್ನು ತೆಗೆದಿದೆ. ಕೈಗೆ ಕೌಶಲವನ್ನು ಕೊಡುವುದಷ್ಟೇ ಬಾಕಿ.

ಏನನ್ನು ಕೇಳಬೇಕು, ಹೇಗೆ ಕಲಿಯಬೇಕು

ಕೇಳುವ ದಾರಿ ಕಠಿಣವಲ್ಲ. ಪ್ರತಿ ಮಸೀದಿಯ ಆಡಳಿತ ಸಮಿತಿಯು ನೆರೆಯ ಸಂಘಗಳೊಂದಿಗೆ, ಸ್ತ್ರೀಶಕ್ತಿ ಗುಂಪುಗಳೊಂದಿಗೆ ಸೇರಿ ಒಂದು ಪುಟದ ಮನವಿಯನ್ನು ಬರೆಯಲಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಅದನ್ನು ಸಲ್ಲಿಸಿ ಸ್ವೀಕೃತಿ ಪಡೆಯಲಿ. ಪ್ರತಿಯೊಂದನ್ನು ತಹಶೀಲ್ದಾರರಿಗೂ ಅಗ್ನಿಶಾಮಕ ಠಾಣಾಧಿಕಾರಿಗಳಿಗೂ ಕೊಡಲಿ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಎತ್ತಿ ನಡಾವಳಿಯಲ್ಲಿ ದಾಖಲಿಸುವಂತೆ ಒತ್ತಾಯಿಸಲಿ. ಸಿದ್ಧತೆಯ ಪಾಲಿನಲ್ಲಿ ನಮ್ಮ ಜಿಲ್ಲೆಗೆ ಎಷ್ಟು ಬಂದಿದೆ, ಎಷ್ಟು ಖರ್ಚಾಗಿದೆ, ಯಾವ ಗ್ರಾಮದಲ್ಲಿ ಎಷ್ಟು ಜನರಿಗೆ ತರಬೇತಿಯಾಗಿದೆ ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಹತ್ತು ರೂಪಾಯಿಯ ಪಾಲನ್ನು ಹತ್ತು ರೂಪಾಯಿಯಿಂದಲೇ ಹುಡುಕುವ ಅವಕಾಶ ನಮಗಿದೆ.

ಏನನ್ನು ಕೇಳಬೇಕೆಂಬುದು ಇನ್ನೂ ಮುಖ್ಯ. ಅರ್ಧ ದಿನದ ಭಾಷಣ, ಹಿಂಬದಿಯಲ್ಲಿ ಬ್ಯಾನರು, ಚಹಾ, ಸಾಮೂಹಿಕ ಫೋಟೋ ಮುಗಿದರೆ ತರಬೇತಿ ಮುಗಿಯಿತು ಎಂಬಂತಹ ಕಾರ್ಯಕ್ರಮಗಳನ್ನು ನಾವೆಲ್ಲ ಕಂಡಿದ್ದೇವೆ. ಅದು ನಮಗೆ ಬೇಡ. ಕೈಯಿಂದ ಮಾಡಿ ಕಲಿಯುವ ತರಬೇತಿ ಬೇಕು. ಬೊಂಬೆಯ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಪ್ರತಿಯೊಬ್ಬರೂ ಸ್ವತಃ ಮಾಡಿ ನೋಡಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕೆಂಬುದು ಪ್ರತಿ ತಾಯಿಗೂ ತಿಳಿಯಬೇಕು. ಕೆರೆಯಲ್ಲಿ ಮುಳುಗುತ್ತಿರುವ ಮಗುವನ್ನು ಉಳಿಸಲು ಈಜು ಬಾರದವನು ಧುಮುಕಿ ತಾನೂ ಮುಳುಗುವುದನ್ನು ಬೇಸಿಗೆ ರಜೆಯ ಸುದ್ದಿಗಳಲ್ಲಿ ಓದುತ್ತಲೇ ಇದ್ದೇವೆ. ಬಿದಿರಿನ ಕೋಲನ್ನು ಚಾಚುವುದು, ದುಪಟ್ಟಾವನ್ನು ಎಸೆಯುವುದು, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ತೇಲಿಬಿಡುವುದು ಮುಂತಾದ ಉಪಾಯಗಳನ್ನು ಮಕ್ಕಳಿಗೆ ದಡದ ಮೇಲೆಯೇ ಅಭ್ಯಾಸ ಮಾಡಿಸಬೇಕು. ವರ್ಷಕ್ಕೊಮ್ಮೆಯಾದರೂ ಪುನರಾವರ್ತನೆ ಇರಬೇಕು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿಯೇ ಇರುವಾಗ ತರಬೇತುದಾರರು ದೂರದಿಂದ ಬರಬೇಕಾಗಿಲ್ಲ.

ನಾನು ಕಲಿಸುವ ತರಗತಿಯಲ್ಲಿ ಒಮ್ಮೆ ಮಕ್ಕಳನ್ನು ಕೇಳಿದ್ದೆ: ಬಟ್ಟೆಗೆ ಬೆಂಕಿ ಹತ್ತಿದರೆ ಏನು ಮಾಡುವಿರಿ? ಹೆಚ್ಚಿನವರು ಓಡುತ್ತೇವೆ ಎಂದರು. ಓಡಿದರೆ ಬೆಂಕಿಗೆ ಗಾಳಿ ಸಿಕ್ಕಿ ಇನ್ನಷ್ಟು ಉರಿಯುತ್ತದೆ, ನಿಂತು ನೆಲಕ್ಕೆ ಬಿದ್ದು ಉರುಳಬೇಕು ಎಂದು ಹೇಳಿದಾಗ ಒಬ್ಬ ಹುಡುಗ ಎದ್ದು, ‘ಸರ್, ಇದು ಯಾವ ಪಾಠದಲ್ಲಿದೆ?’ ಎಂದು ಕೇಳಿದ. ಅವನ ಪ್ರಶ್ನೆಯನ್ನು ನಮ್ಮ ಮದರಸಗಳ ಪಠ್ಯ ರೂಪಿಸುವ ಹಿರಿಯರ ಮುಂದೆಯೂ ಇಡುತ್ತೇನೆ. ವುಝೂ, ನಮಾಝ್, ದುಆಗಳನ್ನು ಮಾಡಿ ತೋರಿಸಿ ಕಲಿಸುವ ನಮಗೆ ಇದನ್ನೂ ಅದೇ ಕ್ರಮದಲ್ಲಿ ಕಲಿಸಲು ಕಷ್ಟವಾಗದು.

ಹೆಣ್ಣುಮಕ್ಕಳ ತರಬೇತಿಯನ್ನು ಕಡೆಗಣಿಸುವಂತಿಲ್ಲ. ಖಂದಕ್ ಯುದ್ಧದ ಸಂದರ್ಭದಲ್ಲಿ ಗಾಯಗೊಂಡ ಸಅದ್ ಇಬ್ನ್ ಮುಆದ್(ರ) ಅವರನ್ನು ಮಸ್ಜಿದುನ್ನಬವಿಯ ಆವರಣದಲ್ಲಿದ್ದ ಡೇರೆಗೆ ಕರೆತರಲಾಯಿತು. ಆ ಡೇರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದವರು ರುಫೈದಾ(ರ) ಎಂಬ ಅಸ್ಲಮ್ ಗೋತ್ರದ ಮಹಿಳೆ. ಮಸೀದಿಯ ಅಂಗಳ, ತುರ್ತು ಚಿಕಿತ್ಸೆ, ಹೆಣ್ಣಿನ ಕೈ ಮೂರೂ ಅಲ್ಲಿ ಒಟ್ಟಿಗೆ ಇದ್ದವು. ಹೆಣ್ಣುಮಕ್ಕಳಿಗೆ ಕಲಿಸಲು ಮಹಿಳಾ ತರಬೇತುದಾರರು ಬೇಕು, ಮನೆಗೆಲಸದ ಬಿಡುವಿನ ಸಮಯ ಬೇಕು, ಎಲ್ಲರಿಗೂ ಅರ್ಥವಾಗುವ ಭಾಷೆ ಬೇಕು ಎಂಬುದನ್ನು ಮನವಿಯಲ್ಲಿಯೇ ಬರೆಯೋಣ.

ಕೊನೆಯದಾಗಿ ಅಮಾನತ್‌ನ ಮಾತು. ಅನುದಾನದ ಹಣವು ಸಾರ್ವಜನಿಕರ ಅಮಾನತ್. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಊಟದ ಹೊತ್ತಿಗೆ ಮರೆಯಾಗುವುದು ಸಣ್ಣ ವಿಷಯವೆಂದು ಕಾಣಬಹುದು. ಆದರೆ ಆ ಸಹಿಯು ನಾನು ಕಲಿತೆನೆಂಬ ಸಾಕ್ಷ್ಯ. ಕಲಿಯದೆ ಹಾಕಿದರೆ ಅದು ಸುಳ್ಳು ಸಾಕ್ಷ್ಯ. ಬಾರದವರ ಹೆಸರನ್ನು ಬರೆದು ಲೆಕ್ಕ ತೋರಿಸುವ ಸಂಘಟಕನೂ ಅದೇ ದೋಷಕ್ಕೆ ಗುರಿಯಾಗುತ್ತಾನೆ. ವೈದ್ಯವಿದ್ಯೆಯನ್ನು ಅರಿಯದೆ ಚಿಕಿತ್ಸೆ ಮಾಡಿದವನು ಆದ ಹಾನಿಗೆ ಹೊಣೆಗಾರನೆಂದು ಹದೀಸ್ ಎಚ್ಚರಿಸುತ್ತದೆ. ಪ್ರಮಾಣಪತ್ರವಿದ್ದು ವಿದ್ಯೆಯಿಲ್ಲದವನು ಪ್ರಮಾಣಪತ್ರವಿಲ್ಲದವನಿಗಿಂತಲೂ ಅಪಾಯಕಾರಿ. ಕಿಟ್ ಬಂದರೆ ಅದು ಯಾರದೋ ಮನೆಯ ಅಟ್ಟ ಸೇರದೆ ಎಲ್ಲರ ಕೈಗೆಟಕುವ ಜಾಗದಲ್ಲಿರಲಿ. ಅದರ ಬೀಗದ ಕೈ ಯಾರ ಬಳಿಯಿದೆ ಎಂಬುದು ಜನಾಝಾದ ಮಂಚದಷ್ಟೇ ಎಲ್ಲರಿಗೂ ತಿಳಿದಿರಲಿ.

ಇಮಾಮ್ ಗಝಾಲಿ(ರ) ತಮ್ಮ ಕಾಲದ ವಿದ್ವಾಂಸರನ್ನು ಕುರಿತು ಒಂದು ಕಟು ಮಾತು ಬರೆದಿದ್ದಾರೆ. ವೈದ್ಯವಿದ್ಯೆಯೂ ಫರ್ಝ್ ಕಿಫಾಯವಾಗಿರುವಾಗ, ಮುಸ್ಲಿಮ್ ವೈದ್ಯರೇ ಇಲ್ಲದ ಊರುಗಳಿರುವಾಗ, ಎಲ್ಲರೂ ಫಿಕ್ಹ್‌ನ ವಾದವಿವಾದಗಳ ಕಡೆಗೇ ನುಗ್ಗುತ್ತಿರುವುದೇಕೆ ಎಂದು ಅವರು ಕೇಳುತ್ತಾರೆ. ಒಂಬತ್ತು ಶತಮಾನಗಳು ಕಳೆದರೂ ಆ ಪ್ರಶ್ನೆ ಹಳತಾಗಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಆಮೀನ್ ಮೆಲ್ಲಗೆ ಹೇಳಬೇಕೇ ಜೋರಾಗಿ ಹೇಳಬೇಕೇ ಎಂದು ಚರ್ಚಿಸಬಲ್ಲವರು ಅನೇಕರಿದ್ದಾರೆ. ನಮಾಝಿನ ಸಾಲಿನಲ್ಲಿ ಒಬ್ಬರು ಎದೆ ಹಿಡಿದುಕೊಂಡು ಕುಸಿದರೆ ಮುಂದೆ ಬರಬಲ್ಲವರು ಇಬ್ಬರಾದರೂ ಇರಬೇಡವೇ?

ಈ ಜುಮಾದ ಬಳಿಕ ಜಮಾಅತ್ತಿನ ಹಿರಿಯರೊಂದಿಗೆ ಹತ್ತು ನಿಮಿಷ ಕುಳಿತು ಈ ಮನವಿಯನ್ನು ಬರೆಯಿರಿ ಎಂದು ಓದುಗ ಬಂಧುಗಳಲ್ಲಿ ವಿನಂತಿಸುತ್ತೇನೆ. ಮುತವಲ್ಲಿ ಸಾಹೇಬರು ಸಹಿ ಹಾಕಲಿ, ನೆರೆಯ ಬೀದಿಯ ಗೌಡರೂ ಸಹಿ ಹಾಕಲಿ, ಅಂಗನವಾಡಿಯ ಟೀಚರೂ ಸಹಿ ಹಾಕಲಿ.

ಜೀವವನ್ನು ಕೊಟ್ಟವನೂ ಅದನ್ನು ಹಿಂದೆಗೆದುಕೊಳ್ಳುವವನೂ ಆದ ಅಲ್ಲಾಹನು, ಅವನ ಅಮಾನತ್ತಾದ ಈ ಜೀವಗಳನ್ನು ಕಾಪಾಡುವ ವಿದ್ಯೆಯನ್ನು ಕಲಿಯುವ ತೌಫೀಕನ್ನು ನಮಗೂ ನಮ್ಮ ನೆರೆಹೊರೆಯವರಿಗೂ ದಯಪಾಲಿಸಲಿ. ಆಮೀನ್.